ಮಂಗಳ ಗ್ರಹದಲ್ಲಿ ಬಿದ್ದ ಹುಡುಗಿ

ಇಳಕಲ್ಲಿನ ಆ ಓಣಿಯಲ್ಲಿ ಮುಸಲ್ಮಾನರ ಮನೆಯ ಹೆಂಗಸು ಯಾರೇ ತೀರಿಕೊಳ್ಳಲಿ, ಮೊದಲು ಹೇಳಿಕಳಿಸುವುದು ದಸ್ತಗೀರಬಿಗೆ. ಮಣ್ಣಿಗೆ ಒಯ್ಯುವ ಮುಂಚೆ ಮಾಡಿಸುವ ಕೊನೆಯ ಸ್ನಾನ ಆಕೆಯ ಕೆಲಸ. ಯಾರೂ ಆಕೆಗೆ ವಹಿಸಿದ್ದಲ್ಲ, ಅದಕ್ಕಾಗಿ ಯಾರಿಂದಲೂ ಆಕೆ ಏನನ್ನೂ ಮುಟ್ಟಿದವಳಲ್ಲ. ಸತ್ತವರ ಮನೆಯ ಚಹಾ ಕೂಡ ಬೇಡವೆನ್ನುವ ಪೈಕಿ. ಬೋರಿ ಹಣ್ಣಿನ ಗಿಡದ ಎಲೆ ಹಾಕಿ ಕಾಯಿಸಿದ ನೀರು, ಕರ್ಪೂರ, ಬಿಳಿ ಬಟ್ಟೆ, ಮುಚ್ಚಿದ ಬಾಗಿಲು, ಇಷ್ಟಿದ್ದರೆ ಸಾಕು. ಒಳಗೆ ಹೋದ ಮೇಲೆ ಮಾತ್ರ ಬೇಗ ಹೊರಬರುವವಳಲ್ಲ. ಹೊರಗೆ ಗಂಡಸರು ನಿಂತು ನಿಂತು ಕಾಲು ಸೋತು, ನಮಾಜಿನ ಹೊತ್ತಾಯಿತೆಂದು ಬಾಗಿಲು ಬಡಿದರೆ ಆಕೆಗೆ ಮೈಯೆಲ್ಲ ಉರಿ. ಒಳಗಿನಿಂದಲೇ ಗದರುತ್ತಿದ್ದಳು. ಓಣಿಯ ಮೌಲಾನಾ ಕೂಡ ಆ ಹೊತ್ತಿನಲ್ಲಿ ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಹೆಚ್ಚು ಹೊತ್ತು ಹಿಡಿಯುತ್ತಿದ್ದದ್ದು ಉಗುರು. ಆ ನೀರು ಮೈಯ ಎಲ್ಲ ಜಾಗಕ್ಕೂ ಮುಟ್ಟಬೇಕು, ಮುಟ್ಟದಿದ್ದರೆ ಸ್ನಾನ ಸ್ನಾನವಲ್ಲ. ಈಗಿನ ಹುಡುಗಿಯರು ಹಚ್ಚಿಕೊಳ್ಳುವ ಉಗುರುಬಣ್ಣದ ಕೆಳಗೆ ನೀರು ಇಳಿಯುವುದಿಲ್ಲವಲ್ಲ. ಹುನಗುಂದದಿಂದ ಹೆರಿಗೆಗೆಂದು ತವರಿಗೆ ಬಂದು ತೀರಿಕೊಂಡ ಒಬ್ಬಳ ಕೈಕಾಲಿನ ಉಗುರುಗಳನ್ನು ಆಕೆ ಒಂದೊಂದಾಗಿ ಕೆರೆಯುತ್ತ ಕೂತದ್ದನ್ನು ಓಣಿ ಇನ್ನೂ ಮರೆತಿಲ್ಲ. ಮನೆಯಲ್ಲಿ ಮೊಮ್ಮಗಳು ಆಫ್ರೀನ ಬಣ್ಣದ ಬಾಟಲಿಯ ಮುಚ್ಚಳ ತೆಗೆದರೆ ಸಾಕು, ಮುದುಕಿ ವಾಸನೆ ಹಿಡಿದು ಬರುತ್ತಿದ್ದಳು. ನಾಳೆ ನೀನು ಸತ್ತರೆ ಇದನ್ನು ಕೆರೆಯುವವರು ಯಾರು ಎಂದು ಕೇಳುತ್ತಿದ್ದಳು. ಬಿ.ಕಾಂ. ಓದುವ ಹುಡುಗಿಗೆ ಊಟದ ಹೊತ್ತಿನಲ್ಲಿ ಕೇಳುವ ಪ್ರಶ್ನೆಯೇ ಅದು! ಆಫ್ರೀನ ನಗುತ್ತಿದ್ದಳು. ಮಗ ಸೊಸೆಯೂ ಮುದುಕಿಯ ಹುಚ್ಚೆಂದು ನಗುತ್ತಿದ್ದರು. ಆ ಹುಚ್ಚು ಎಲ್ಲಿಂದ ಹತ್ತಿತೆಂದು ಯಾರೂ ಕೇಳಲಿಲ್ಲ, ಆಕೆಯೂ ಹೇಳಲಿಲ್ಲ. ಮಗ್ಗದ ಮುಂದೆಯೇ ಬದುಕು ಸವೆಸಿ ಹೋದ ಗಂಡ ಗೌಸಸಾಬನಿಗೂ ಹೇಳಿರಲಿಲ್ಲ.

ಇಂಥ ಮನೆಗೆ ಆ ಹಾಡು ಬಂದದ್ದು ಮೊಮ್ಮಗ ಜುಬೇರನ ಮೊಬೈಲಿನಲ್ಲಿ.

ಯಾರೋ ಪುಣ್ಯಾತ್ಮ ಐವತ್ತು ವರ್ಷದ ಹಿಂದಿನ ಒಂದು ಸಿನಿಮಾವನ್ನು ಎಲ್ಲಿಂದಲೋ ಕೆದಕಿ ತೆಗೆದು ಅದರ ಹಾಡೊಂದನ್ನು ಯೂಟ್ಯೂಬಿಗೆ ಹಾಕಿದ್ದ. ರಾಕೆಟ್ಟಿನಲ್ಲಿ ಮಂಗಳ ಗ್ರಹಕ್ಕೆ ಹೋಗುವ ಕಥೆ. ಆ ಕಾಲದ ಇಂಥ ಸಿನಿಮಾಗಳಲ್ಲಿ ವಿಜ್ಞಾನಿ ಯಾವ ಗ್ರಹದ ಮೇಲೆ ಇಳಿದರೂ ಅಲ್ಲೊಬ್ಬ ರಾಜ, ಅವನ ಮುಂದೊಂದು ಕುಣಿತ ಇರಲೇಬೇಕು. ಉಸಿರಾಡಲು ಗಾಳಿ ಇಲ್ಲದಿದ್ದರೂ ನಡೆಯುತ್ತಿತ್ತು, ಹಾಡಿಲ್ಲದೆ ನಡೆಯುತ್ತಿರಲಿಲ್ಲ. ಇಲ್ಲಿಯೂ ಅದೇ. ತಗಡಿನ ರಾಕೆಟ್ಟು, ಕೊಡ ಬೋರಲು ಹಾಕಿಕೊಂಡಂಥ ಕಿರೀಟದ ರಾಜ, ನಡುವೆ ಮದ್ರಾಸಿನ ನರ್ತಕಿ, ಅವಳ ಹಿಂದೆ ಸಾಲಾಗಿ ಗ್ರಹದ ಹುಡುಗಿಯರು. ಅವರ ಮುಖ, ಕೈ, ಕಾಲಿಗೆಲ್ಲ ಬೆಳ್ಳಿ ಬಣ್ಣ. ತಲೆಯ ಮೇಲೆ ಸ್ಪ್ರಿಂಗು, ಸ್ಪ್ರಿಂಗಿನ ತುದಿಗೆ ಚೆಂಡು. ಯಂತ್ರದ ಹಾಗೆ ಕೈ ಮೇಲೆ, ಕೈ ಕೆಳಗೆ, ಕತ್ತು ಆ ಕಡೆ ಈ ಕಡೆ. ಹಾಡು ಮುಗಿಯಲು ಬಂದಾಗ ಹಿಂದಿನ ಸಾಲಿನ ಒಬ್ಬ ಹುಡುಗಿ ತಾಳ ತಪ್ಪುತ್ತಾಳೆ. ಎತ್ತಿದ ಕೈ ಅರ್ಧಕ್ಕೇ ನಿಲ್ಲುತ್ತದೆ. ಮೊಣಕಾಲೂರಿ, ಆಮೇಲೆ ಮಕಾಡೆ ಬೀಳುತ್ತಾಳೆ. ಪಕ್ಕದ ಸಣ್ಣ ಹುಡುಗಿ ಒಮ್ಮೆ ಕೆಳಗೆ ನೋಡಿ, ಮತ್ತೆ ಮುಂದೆ ನೋಡಿ, ಬಿದ್ದವಳ ಕೈಯನ್ನು ದಾಟಿ ಕುಣಿಯುತ್ತಾಳೆ. ನಗುನಗುತ್ತಲೇ ಕುಣಿಯುತ್ತಾಳೆ.

ಜನಕ್ಕೆ ಇಷ್ಟು ಸಾಕಾಯಿತು. ಬೀಳುವ ತುಂಡನ್ನಷ್ಟೇ ಕತ್ತರಿಸಿ, ಮೇಲೆ ‘ಬ್ಯಾಟರಿ ಖಾಲಿ’ ಎಂದು ಬರೆದು ಹಂಚಿದರು. ಆಮೇಲೆ ಹುಡುಗರು ತಾವೇ ಬೀಳತೊಡಗಿದರು. ಬಾಗಲಕೋಟೆಯ ಬಸ್ ಸ್ಟ್ಯಾಂಡಿನಲ್ಲಿ ಬಿದ್ದರು, ಅಮೀನಗಡದ ಕರದಂಟಿನ ಅಂಗಡಿಯ ಮುಂದೆ ಬಿದ್ದರು, ಎಲ್ಲೋ ಒಂದು ಮದುವೆಯಲ್ಲಿ ಮದುಮಗನೇ ಅಕ್ಕಿಕಾಳು ಬೀಳುವ ಹೊತ್ತಿಗೆ ಬಿದ್ದ. ಕುಳಗೇರಿ ಕ್ರಾಸಿನಲ್ಲಿ ಒಬ್ಬ ನಡುರಸ್ತೆಯಲ್ಲಿ ಬಿದ್ದು ಲಾರಿ ಡ್ರೈವರನಿಂದ ಬೈಸಿಕೊಂಡದ್ದೂ ಒಂದು ವಿಡಿಯೊ ಆಯಿತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ; ಇಲ್ಲಿ ಇಲಿಯ ಪ್ರಾಣ ಹೋಗಿ ಐವತ್ತು ವರ್ಷವಾಗಿತ್ತು, ಬೆಕ್ಕುಗಳಿಗೆ ಅದು ಗೊತ್ತೂ ಇರಲಿಲ್ಲ.

ಜುಬೇರನದು ಮೊಬೈಲ್ ರಿಪೇರಿ ಅಂಗಡಿ. ಚುರುಕಿನ ಹುಡುಗ, ಗಾಳಿ ಬಂದಾಗ ತೂರಿಕೊಳ್ಳುವವ. ಅದೇ ತುಂಡಿಗೆ ತನ್ನ ಅಂಗಡಿಯ ಹೆಸರು ಸೇರಿಸಿ, ನಿಮ್ಮ ಬ್ಯಾಟರಿಯೂ ಹೀಗೆ ಬೀಳುತ್ತದೆಯೇ, ನಮ್ಮಲ್ಲಿಗೆ ಬನ್ನಿ ಎಂದು ಜಾಹೀರಾತು ಮಾಡಿದ. ಊರೆಲ್ಲ ಅದನ್ನು ಸ್ಟೇಟಸ್ಸಿಗೆ ಹಾಕಿಕೊಂಡಿತು. ಅಂಗಡಿಗೆ ಬಂದವರು ಬಾಗಿಲಲ್ಲೇ ಸುಳ್ಳು ಸುಳ್ಳು ಬಿದ್ದು ನಗಿಸಿ ಒಳಗೆ ಬರತೊಡಗಿದರು.

ಮಧ್ಯಾಹ್ನ ಊಟಕ್ಕೆ ಬಂದವನು ಇದನ್ನೆಲ್ಲ ಅಭಿಮಾನದಿಂದ ಹೇಳಿ, ಮೊಬೈಲನ್ನು ತಾಯಿಯ ಮುಂದೆ ಹಿಡಿದ. ತಾಯಿ ಕೈಯಲ್ಲಿ ರೊಟ್ಟಿ ಹಿಡಿದುಕೊಂಡೇ ಹೊಟ್ಟೆ ಹಿಡಿದು ನಕ್ಕಳು. ಇಷ್ಟು ನಗುವಂಥದ್ದು ಏನಿದೆಯೆಂದು ದಸ್ತಗೀರಬಿ ಕೇಳಿದಳು. ಆಫ್ರೀನ ಅಜ್ಜಿಗೆ ಕನ್ನಡಕ ಏರಿಸಿ, ಜಾಹೀರಾತು ಬೇಡವೆಂದು ಪೂರ್ತಿ ಹಾಡನ್ನೇ ಹಚ್ಚಿ ಕೈಗೆ ಕೊಟ್ಟಳು.

ಆಕೆಗೆ ಮೊದಲು ಗುರುತು ಸಿಕ್ಕದ್ದು ಕಲ್ಲು. ಮಂಗಳ ಗ್ರಹವೆಂದು ತೋರಿಸಿದ್ದು ಬಾದಾಮಿಯ ಕೆಂಪು ಬಂಡೆಗಳನ್ನು. ಮಲಗಿದ ಎಮ್ಮೆಯ ಬೆನ್ನಿನಂಥ ಆ ಬಂಡೆಯ ಮೇಲೆ ಆಕೆ ಚಿಕ್ಕಂದಿನಲ್ಲಿ ಮೆಣಸಿನಕಾಯಿ ಒಣಹಾಕಿದ್ದಳು. ಆಮೇಲೆ ಸಾಲಿನ ತುದಿಯ ಸಣ್ಣ ಹುಡುಗಿಯನ್ನು ನೋಡಿದಳು. ಆಮೇಲೆ ಅವಳ ಪಕ್ಕದವಳನ್ನು. ಹುಡುಗಿ ಬಿದ್ದಳು, ಮನೆಯವರೆಲ್ಲ ಮತ್ತೊಮ್ಮೆ ನಕ್ಕರು.

ಇನ್ನೊಮ್ಮೆ ಹಚ್ಚೆಂದಳು ದಸ್ತಗೀರಬಿ. ಹಚ್ಚಿದರು. ಮತ್ತೊಮ್ಮೆ ಎಂದಳು. ದಾದಿಗೂ ಹಾಡಿನ ಹುಚ್ಚು ಹತ್ತಿತು ಎಂದು ಜುಬೇರ ಅಜ್ಜಿಯನ್ನು ಚೇಷ್ಟೆ ಮಾಡಿದ. ಮೂರನೆಯ ಸಲ ಆಕೆ ಮೊಮ್ಮಗಳಿಗೆ ಮೆಲ್ಲಗೆ, ಬೀಳುವ ಮುಂಚೆಯೇ ನಿಲ್ಲಿಸು ಎಂದಳು. ಆಫ್ರೀನ ನಿಲ್ಲಿಸಿದಳು. ತೆರೆಯ ಮೇಲೆ ಬೆಳ್ಳಿ ಮುಖದ ಹುಡುಗಿ ಎರಡೂ ಕೈ ಎತ್ತಿ ನಿಂತಿದ್ದಳು. ಆ ಹುಡುಗಿಯದೊಂದು ಫೋಟೋ ಕೂಡ ಯಾರ ಮನೆಯಲ್ಲೂ ಇರಲಿಲ್ಲ. ಅಷ್ಟು ವರ್ಷ ಕಣ್ಣು ಮುಚ್ಚಿ ಎಷ್ಟು ತಿಣುಕಿದರೂ ದಸ್ತಗೀರಬಿಗೆ ಮೂಗು ಬಂದರೆ ಕಣ್ಣು ಬರುತ್ತಿರಲಿಲ್ಲ, ಕಣ್ಣು ಬಂದರೆ ತುಟಿ ಬರುತ್ತಿರಲಿಲ್ಲ. ಈಗ ಇಡೀ ಮುಖ ಅಂಗೈಯಲ್ಲಿತ್ತು. ಆಕೆ ರೊಟ್ಟಿ ಬಿಟ್ಟು ಎದ್ದು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು. ಬಿಸಿಲಿಗೆ ತಲೆನೋವೆಂದುಕೊಂಡರು ಮನೆಯವರು.

ಕಾಲೇಜಿನಲ್ಲಿ ವರ್ಷದ ಗ್ಯಾದರಿಂಗ್ ಹತ್ತಿರ ಬಂದಿತ್ತು. ಆಫ್ರೀನ ಮತ್ತು ಅವಳ ಗೆಳತಿಯರು ಕುಣಿಯಲು ಆರಿಸಿಕೊಂಡದ್ದು ಅದೇ ಹಾಡು. ಕೊನೆಗೆ ಬೀಳುವ ಪಾಲು ಆಫ್ರೀನಳದು. ಚಂದ ಬೀಳುತ್ತಾಳೆಂದು ಎಲ್ಲರೂ ಒಪ್ಪಿ ಕೊಟ್ಟ ಪಾಲು. ಮರುದಿನ ಸಂಜೆ ಅಂಗಳದಲ್ಲಿ ಒಬ್ಬಳೇ ಅಭ್ಯಾಸ ಮಾಡುತ್ತಿದ್ದಳು. ಕೈ ಎತ್ತಿ, ನಾಲಿಗೆ ಹೊರಚಾಚಿ, ಕಣ್ಣು ಮೇಲೆ ಮಾಡಿ ದೊಪ್ಪೆಂದು ಬಿದ್ದಳು. ಎದ್ದು ಮೈ ಝಾಡಿಸಿಕೊಂಡು ಮತ್ತೆ ಬಿದ್ದಳು. ಹೊಸ್ತಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದ ದಸ್ತಗೀರಬಿ ಒಂದು ಸಲ ನೋಡಿದಳು, ಎರಡು ಸಲ ನೋಡಿದಳು. ಆಮೇಲೆ ಮೊರ ಕೆಳಗಿಟ್ಟಳು.

“ಹಂಗ ಬಿದ್ದಿಲ್ಲ ಆಕಿ,” ಎಂದಳು.

ಆಫ್ರೀನ ನಕ್ಕು, ಮತ್ತೆ ಹೇಗೆ ಬಿದ್ದಳು ಎಂದು ಕೇಳಿದಳು.

“ಮೊದಲ ಕೈ ಸೋತ್ವು. ಆಮ್ಯಾಲ ಮೊಣಕಾಲ ಊರಿದಳು. ನನ್ನ ಕಡೆ ಒಮ್ಮೆ ನೋಡಿದಳು. ಆಮ್ಯಾಲ ಬಿದ್ದಳು.”

“ನಿನ್ನ ಕಡೆ?”

“ಬಾಜೂಕ ಇದ್ದಾಕಿ ನಾನ. ಆಕಿ ನಮ್ಮ ಅಕ್ಕ, ಮಾಬುಬಿ ಆಪಾ. ಬಿದ್ದಾಕಿ ಮತ್ತ ಏಳಲಿಲ್ಲ.”

ಆಫ್ರೀನ ನೆಲದ ಮೇಲೆ ಬಿದ್ದವಳು ಬಿದ್ದಂತೆಯೇ ಕೂತಳು. ಐವತ್ತು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದ ಮುದುಕಿ ಆ ಸಂಜೆ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು.

ಆಕೆಯ ತಂದೆ ಇಬ್ರಾಹಿಂಸಾಬನದು ಬಾದಾಮಿಯಲ್ಲಿ ಟಾಂಗಾ. ಮದ್ರಾಸಿನಿಂದ ಶೂಟಿಂಗಿನವರು ಬಂದಾಗ ಅವರ ಪೆಟ್ಟಿಗೆ ಪಿಟಾರಿಗಳನ್ನು ಬಂಡೆಯ ಬುಡದವರೆಗೆ ಸಾಗಿಸುವ ಬಾಡಿಗೆ ಸಿಕ್ಕಿತು. ಹೆಣ್ಣುಮಕ್ಕಳಿಬ್ಬರೂ ಅವರಿಗೆ ಕುಡಿಯುವ ನೀರು ಹೊರಲು ಹೋಗುತ್ತಿದ್ದರು. ಮದ್ರಾಸಿನಿಂದಲೇ ಬಂದಿದ್ದ ಗುಂಪಿನ ನರ್ತಕಿಯರು ಎರಡು ದಿನ ಬಣ್ಣ ಬಳಿದುಕೊಂಡು ಕುಣಿದು, ಮೈಯೆಲ್ಲ ಬೊಕ್ಕೆ ಎದ್ದು, ಇನ್ನು ಒಲ್ಲೆವೆಂದು ಕೂತುಬಿಟ್ಟರು. ಬೇಸಿಗೆಯ ನಡುಮಧ್ಯ, ಬಂಡೆಯ ಮೇಲೆ ಹಪ್ಪಳ ಸುಡುವಷ್ಟು ಕಾವು. ಡ್ಯಾನ್ಸ್ ಮಾಸ್ತರನಿಗೆ ಹಾಡು ಮುಗಿಸಲೇಬೇಕಿತ್ತು. ಹಿಂದಿನ ಸಾಲಿನಲ್ಲಿ ಬರೀ ಕೈ ಆಡಿಸುವವರು ಸಾಕು, ಊರಿನ ಹುಡುಗಿಯರನ್ನೇ ನಿಲ್ಲಿಸಿ ಎಂದ.

ಇಬ್ರಾಹಿಂಸಾಬ ಮರ್ಯಾದಸ್ಥ. ಮಗಳನ್ನು ಸಿನಿಮಾದಲ್ಲಿ ಕುಣಿಸುವುದೆಂದರೆ ಆತನ ಜಮಾತಿನಲ್ಲಿ ತಲೆ ಎತ್ತುವ ಹಾಗಿರಲಿಲ್ಲ. ಬೇರೆ ಯಾವ ಕುಣಿತವಾದರೂ ಆತ ಒಪ್ಪುತ್ತಲೇ ಇರಲಿಲ್ಲ. ಆದರೆ ಇವರು ಭೂಮಿಯ ಮನುಷ್ಯರೇ ಅಲ್ಲವಲ್ಲ! ಮುಖಕ್ಕೆಲ್ಲ ಬೆಳ್ಳಿ ಬಳಿದ ಮೇಲೆ ಯಾರ ಮಗಳೆಂದು ಯಾರಿಗೆ ತಿಳಿಯುತ್ತದೆ? ಬುರ್ಖಾ ಹಾಕಿದ ಹಾಗೆಯೇ ಆಯಿತು ಎಂದು ತಾನೇ ಹೆಂಡತಿಗೆ ಸಮಾಧಾನ ಹೇಳಿದ. ಕುದುರೆ ಮುದಿಯಾಗಿತ್ತು, ಹೊಸ ಕುದುರೆಯ ಆಸೆ ಇತ್ತು. ತಾನೊಂದು ಬಗೆದರೆ ದೈವವೊಂದು ಬಗೆಯಿತು. ಮಾನ ಮುಚ್ಚಲೆಂದು ನಂಬಿದ ಬಣ್ಣವೇ ಮಗಳನ್ನು ಕೊಂದಿತು.

ಮದ್ರಾಸಿನವರಿಗೆ ಹಚ್ಚಿದ ಬಣ್ಣ ಮುಗಿದಿತ್ತು. ಊರ ಹುಡುಗಿಯರಿಗೆ ಪೇಟೆಯಿಂದ ಡಬ್ಬಿ ತಂದರು. ಕಬ್ಬಿಣದ ಗೇಟಿಗೆ, ದೀಪದ ಕಂಬಕ್ಕೆ ಬಳಿಯುವ ಬಣ್ಣ. ಸಂಜೆ ಅದನ್ನು ಸೀಮೆಎಣ್ಣೆಯಲ್ಲಿ ಒರೆಸಬೇಕಿತ್ತು. ಹಚ್ಚಿದ ಮೇಲೆ ಮೈ ಬೆವರುವುದೇ ನಿಂತುಹೋಗುತ್ತದೆಂದು ಮಾಬುಬಿ ತಂಗಿಗೆ ಹೇಳಿದ್ದಳು. ಬೆವರದಿರುವುದು ಒಳ್ಳೆಯದೇ ಅಂದುಕೊಂಡಿದ್ದರು ಇಬ್ಬರೂ, ಎಷ್ಟು ಬಿಸಿಲಿದ್ದರೂ ಮೈ ಒಣಗಿಯೇ ಇದೆಯಲ್ಲ ಎಂದು.

ಮಾಸ್ತರ ಸೀಟಿ ಊದುವವರೆಗೆ ಯಾರೂ ನಿಲ್ಲಬಾರದು. ಒಬ್ಬಳು ನಿಂತರೂ ಎಲ್ಲರೂ ಮೊದಲಿನಿಂದ ಕುಣಿಯಬೇಕು. ಆ ದಿನ ಬೆಳಿಗ್ಗೆಯಿಂದ ಯಾರೋ ಒಬ್ಬರು ತಪ್ಪಿ ತಪ್ಪಿ, ಸೂರ್ಯ ನೆತ್ತಿಗೆ ಬಂದರೂ ಹಾಡು ಮುಗಿದಿರಲಿಲ್ಲ. ಕೊನೆಯ ಸಲ ಕುಣಿಯಲು ನಿಂತಾಗ ಮಾಬುಬಿ ತಂಗಿಯ ಕಿವಿಯಲ್ಲಿ, ಏನೇ ಆದರೂ ನಿಲ್ಲಬೇಡ, ಇನ್ನೊಮ್ಮೆ ಕುಣಿಯುವುದು ನನ್ನಿಂದಾಗದು ಎಂದಳು. ಅದಕ್ಕೇ ದಸ್ತಗೀರಬಿ ನಿಲ್ಲಲಿಲ್ಲ. ಆಪಾ ಬಿದ್ದಾಗ, ನಾನು ನಿಂತರೆ ಈಕೆ ಎದ್ದು ಮತ್ತೆ ಮೊದಲಿನಿಂದ ಕುಣಿಯಬೇಕಾಗುತ್ತದೆ ಎಂದುಕೊಂಡಳು. ಆಕೆಗಾಗಿಯೇ ಕುಣಿದಳು, ಆಕೆಗಾಗಿಯೇ ನಕ್ಕಳು. ಸೀಟಿ ಊದಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಅಕ್ಕನನ್ನು ಹೊರಳಿಸಿ ನೋಡಿದರೆ ಮೈ ಕಾದ ಹಂಚಿನ ಹಾಗೆ ಸುಡುತ್ತಿತ್ತು, ಉಸಿರು ಇರಲಿಲ್ಲ.

ಶೂಟಿಂಗಿನವರು ಆ ಸಂಜೆಯೇ ಗಂಟುಮೂಟೆ ಕಟ್ಟಿದರು. ಇಬ್ರಾಹಿಂಸಾಬ ಮಗಳನ್ನು ತನ್ನದೇ ಟಾಂಗಾದಲ್ಲಿ ಚಾದರ ಹೊದಿಸಿ ಮನೆಗೆ ತಂದ. ಮೇವು ತರಲು ಹೋದವಳಿಗೆ ಬಿಸಿಲು ಬಡಿಯಿತೆಂದು ಓಣಿಗೆ ಹೇಳಿದ. ಆದರೆ ಸ್ನಾನ ಮಾಡಿಸಲು ಬರುವ ಹೆಂಗಸರು ಚಾದರ ತೆಗೆದರೆ? ತಾಯಿ ಹುಸೇನಬಿ ಯಾರನ್ನೂ ಒಳಗೆ ಬಿಡಲಿಲ್ಲ. ನನ್ನ ಮಗಳನ್ನು ನಾನೇ ತೊಳೆಯುತ್ತೇನೆ ಎಂದು ಬಾಗಿಲು ಹಾಕಿಕೊಂಡಳು. ಒಳಗೆ ಇದ್ದವರು ಇಬ್ಬರೇ, ತಾಯಿ ಮತ್ತು ದಸ್ತಗೀರಬಿ. ಸೀಮೆಎಣ್ಣೆಯಲ್ಲಿ ಒರೆಸಿದರು, ಹುಣಸೆಹಣ್ಣು ಬೂದಿ ಹಾಕಿ ಪಾತ್ರೆ ಬೆಳಗಿದ ಹಾಗೆ ತಿಕ್ಕಿದರು. ತಾಯಿ ತಿಕ್ಕುವಾಗ, ನೋವಾಯಿತೇನವ್ವಾ ಎಂದು ಸತ್ತವಳನ್ನು ಕೇಳುತ್ತಿದ್ದಳು. ಮುಖ ಹೋಯಿತು, ಕೈ ಹೋಯಿತು. ಕಿವಿಯ ಹಿಂದೆ, ಕೂದಲ ಬುಡದಲ್ಲಿ, ರೆಪ್ಪೆಗಳ ಮೇಲೆ, ಉಗುರುಸಂದಿಯಲ್ಲಿ ಬೆಳ್ಳಿ ಹಾಗೆಯೇ ಉಳಿದಿತ್ತು. ಹೊರಗೆ ಇಬ್ರಾಹಿಂಸಾಬ ಬಾಗಿಲು ಬಡಿಯುತ್ತಿದ್ದ. ಓಣಿಯ ಹೆಂಗಸರು ಸೇರುತ್ತಿದ್ದಾರೆ, ಸೀಮೆಎಣ್ಣೆಯ ವಾಸನೆ ಹೊರಗೆ ಬರುತ್ತಿದೆ, ಬೇಗ ಮುಗಿಸು ಎನ್ನುತ್ತಿದ್ದ. ಹುಸೇನಬಿ ನೀರು ಸುರಿದಳು. ಅತ್ತರು ಹೆಚ್ಚಾಗಿ ಹಚ್ಚಿ ಬಟ್ಟೆ ಸುತ್ತಿದಳು. ಹೊತ್ತು ಮುಳುಗುವ ಮುಂಚೆ ನಾಲ್ಕು ಮಂದಿ ಒಯ್ದು ಮಣ್ಣು ಮಾಡಿ ಬಂದರು.

ನೀರು ಮುಟ್ಟಲಿಲ್ಲ, ನನ್ನ ಮಗಳಿಗೆ ನೀರು ಮುಟ್ಟಲಿಲ್ಲ ಎಂದು ಹುಸೇನಬಿ ಸಾಯುವವರೆಗೂ ಒಬ್ಬಳೇ ಇದ್ದಾಗ ಗೊಣಗುತ್ತಿದ್ದಳು. ಯಾರನ್ನಾದರೂ ಕೇಳೋಣವೆಂದರೆ ಬಣ್ಣ ಎಲ್ಲಿಂದ ಬಂತೆಂದು ಹೇಳಬೇಕಲ್ಲ. ಇಬ್ರಾಹಿಂಸಾಬ ಟಾಂಗಾ ಮಾರಿದ, ಕುದುರೆ ಕೊಳ್ಳಲಿಲ್ಲ. ದಸ್ತಗೀರಬಿ ಮದುವೆಯಾಗಿ ಇಳಕಲ್ಲಿಗೆ ಬಂದಳು. ಒಮ್ಮೆ, ಬೇರೆ ಯಾರದೋ ಮಾತೆಂಬಂತೆ, ಇಲ್ಲಿನ ಮೌಲಾನಾರನ್ನು ಕೇಳಿದ್ದಳು. ಎಷ್ಟು ಮಾಡಿದರೂ ಹೋಗದ್ದಕ್ಕೆ ಮಾಫಿ ಇದೆ, ಅಲ್ಲಾ ಎಲ್ಲ ಬಲ್ಲ ಎಂದರು ಅವರು. ಒಳ್ಳೆಯ ಮಾತು. ಆದರೆ ಆ ಬಣ್ಣ ಹೋಗದ್ದಲ್ಲ. ಇನ್ನೊಂದು ಗಳಿಗೆ ತಿಕ್ಕಿದ್ದರೆ ಹೋಗುತ್ತಿತ್ತು. ಬಿಟ್ಟದ್ದು ಜನಕ್ಕೆ ಹೆದರಿ. ಆ ಮಾಫಿ ತಮ್ಮದಲ್ಲವೆಂದು ಆಕೆಗೆ ಗೊತ್ತಿತ್ತು. ಅಂದಿನಿಂದ ಪರರ ಹೆಣ್ಣುಮಕ್ಕಳ ಉಗುರು ಕೆರೆಯುತ್ತ ಬಂದಿದ್ದಳು.

ಜುಬೇರನಿಗೆ ಈ ಸುದ್ದಿಯನ್ನು ತಂಗಿಯೇ ಹೇಳಿದಳು. ಅಂಗಡಿಯಿಂದ ಬಂದವನು ಅಜ್ಜಿಯ ಮುಂದೆ ಕೂತ. ನನಗೆ ಗೊತ್ತಿರಲಿಲ್ಲ ದಾದಿ ಎಂದಷ್ಟೇ ಹೇಳಿ ಜಾಹೀರಾತನ್ನು ಅಳಿಸಿದ. ಅಳಿಸಿದರೇನು, ಕೈಬಿಟ್ಟ ಕಲ್ಲು ತಿರುಗಿ ಕೈಗೆ ಬರುತ್ತದೆಯೇ? ಅದರ ನಕಲುಗಳು ಊರೂರು ಸುತ್ತುತ್ತಿದ್ದವು. ಮರುದಿನವೂ ಗಿರಾಕಿಗಳು ಅಂಗಡಿಯ ಬಾಗಿಲಲ್ಲಿ ಬಿದ್ದು ನಗುತ್ತ ಒಳಗೆ ಬಂದರು. ಬೇಡವೆಂದರೆ ಯಾಕೆಂದು ಕೇಳಿದರು. ಆಫ್ರೀನ ಗೆಳತಿಯರಿಗೆ ಕಾಲು ಉಳುಕಿದೆಯೆಂದು ಹೇಳಿ ಕುಣಿತದಿಂದ ಹಿಂದೆ ಸರಿದಳು. ಬೀಳುವ ಪಾಲು ಬೇರೊಬ್ಬಳಿಗೆ ಹೋಯಿತು.

ದಸ್ತಗೀರಬಿ ಮಾತ್ರ ಸುಮ್ಮನೆ ಕೂರಲಿಲ್ಲ. ದಿನಕ್ಕೆ ಒಂದೆರಡು ಸಲ ಆ ಹಾಡನ್ನು ಹಚ್ಚಿಸಿಕೊಂಡು, ಬೀಳುವ ಮುಂಚೆ ನಿಲ್ಲಿಸಲು ಹೇಳಿ, ಅಕ್ಕನ ಮುಖ ನೋಡುತ್ತಿದ್ದಳು. ಆಕೆಯ ತಲೆಯಲ್ಲಿ ಏನೋ ಒಂದು ಲೆಕ್ಕ ನಡೆದಿತ್ತು. ಒಂದು ಶುಕ್ರವಾರ ನಮಾಜು ಮುಗಿಸಿ ಆಫ್ರೀನಳನ್ನು ಹತ್ತಿರ ಕೂರಿಸಿಕೊಂಡಳು.

“ಎಷ್ಟ ಮಂದಿ ನೋಡ್ಯಾರ ಇದನ್ನ?”

ಲಕ್ಷಗಟ್ಟಲೆ ಮಂದಿ ನೋಡಿದ್ದಾರೆ, ಇನ್ನೂ ನೋಡುತ್ತಿದ್ದಾರೆ ಎಂದಳು ಆಫ್ರೀನ.

“ಆಕಿನ್ನ ಮಣ್ಣ ಮಾಡಾಕ ನಾಲ್ಕ ಮಂದಿ ಹೋಗಿದ್ರು. ದುವಾ ಮಾಡಾವ್ರೂ ಅವಸರ ಮಾಡಿದ್ರು. ಈಗ ಇಷ್ಟ ಮಂದಿ ಆಕಿ ಮಾರಿ ನೋಡಾಕತ್ತಾರ. ಆಕಿ ಯಾರಂತ ಬರೆದು ಹೇಳು. ನಗೂ ಬದಲಿ ಒಬ್ಬೊಬ್ಬರು ಒಂದೊಂದ ದುವಾ ಮಾಡಿದ್ರ, ನಾವು ಮುಟ್ಟಸಲಾರದ ನೀರು ಆಕಿಗೆ ಮುಟ್ಟತೈತಿ.”

ಆಫ್ರೀನಳಿಗೆ ಆ ಲೋಕ ಗೊತ್ತಿತ್ತು. ಅಲ್ಲಿನ ಜನ ಹಾಗಲ್ಲ ದಾದಿ, ಬೇಡ ಎಂದಳು. ನಮ್ಮ ಅಬ್ಬಾ ಏನೆಂದಾರು, ಜಮಾತಿನವರು ಏನೆಂದಾರು ಎಂದಳು. ಜನ ಏನೆಂದಾರು ಎಂದೇ ಅಲ್ಲವೇ ಒಬ್ಬಳನ್ನು ಹಾಗೆ ಕಳಿಸಿದ್ದು ಎಂದು ಮುದುಕಿ ಕೇಳಿದಳು. ಆಫ್ರೀನ ಮೊಬೈಲು ಎತ್ತಿಕೊಂಡಳು. ಹಾಡಿನ ಕೆಳಗೆ ತನ್ನ ಹೆಸರಿನಲ್ಲೇ ಬರೆದಳು. ಈ ಹುಡುಗಿಯ ಹೆಸರು ಮಾಬುಬಿ, ಬಾದಾಮಿಯವಳು, ನಮ್ಮ ಅಜ್ಜಿಯ ಅಕ್ಕ, ಈ ಕುಣಿತದಲ್ಲೇ ಬಿಸಿಲಿಗೆ ಮತ್ತು ಬಣ್ಣಕ್ಕೆ ಸಿಕ್ಕಿ ತೀರಿಕೊಂಡಳು, ದಯವಿಟ್ಟು ನಗಬೇಡಿರಿ, ನಿಮ್ಮ ನಿಮ್ಮ ದೇವರಲ್ಲಿ ಅವಳಿಗಾಗಿ ಒಂದು ಮಾತು ಬೇಡಿಕೊಳ್ಳಿರಿ. ಬರೆದದ್ದನ್ನು ಓದಿ ಹೇಳಿಸಿಕೊಂಡ ದಸ್ತಗೀರಬಿ, ಸರಿ ಇದೆ ಎಂದಳು. ಆ ದಿನ ಆಕೆ ಊಟವನ್ನೂ ಹೊಟ್ಟೆ ತುಂಬ ಮಾಡಿದಳು.

ಮೊದಲ ಉತ್ತರ ಕುಳಗೇರಿ ಕ್ರಾಸಿನ ಒಬ್ಬನದು. ಬರೀ ಮುಗಿದ ಎರಡು ಕೈಗಳ ಚಿತ್ರ. ಆಫ್ರೀನಳ ಕಣ್ಣಲ್ಲಿ ನೀರು ಬಂತು.

ಆಮೇಲೆ ಉಳಿದವರು ಬಂದರು. ಕಥೆ ಚೆನ್ನಾಗಿದೆ, ಪಾರ್ಟ್ ಟು ಯಾವಾಗ ಎಂದ ಒಬ್ಬ. ಪ್ರಚಾರಕ್ಕೆ ಸತ್ತವರನ್ನೂ ಬಿಡುವುದಿಲ್ಲ ಇವರು ಎಂದ ಇನ್ನೊಬ್ಬ. ಹಾಗಾದರೆ ಪಕ್ಕದಲ್ಲಿ ಹಲ್ಲು ಕಿಸಿದು ಕುಣಿಯುವವಳೇ ನಿಮ್ಮ ಅಜ್ಜಿಯಾ, ಅವಳ ಬ್ಯಾಟರಿ ಇನ್ನೂ ಇದೆಯಾ ಎಂದು ಮತ್ತೊಬ್ಬ ಕೇಳಿದ. ಆ ಮಾತಿಗೆ ಎಲ್ಲಕ್ಕಿಂತ ಹೆಚ್ಚು ಮಂದಿ ಮೆಚ್ಚುಗೆ ಒತ್ತಿದ್ದರು. ನಿಮ್ಮ ಜಾತಿಯಲ್ಲಿ ಕುಣಿಯುವುದು ತಪ್ಪಲ್ಲವೇ ಎಂದು ಒಬ್ಬ ಬುದ್ಧಿ ಹೇಳಿದ, ಕುಣಿದದ್ದಕ್ಕೇ ಶಿಕ್ಷೆಯಾಯಿತು ಎಂದು ಅವನಿಗೆ ಇನ್ನೊಬ್ಬ ಜೊತೆಯಾದ. ಎರಡೇ ದಿನದಲ್ಲಿ ಹೊಸ ವಿಡಿಯೊ ಬಂತು. ಬೀಳುವ ಹುಡುಗಿಯ ಮೇಲೆ ಮಾಬುಬಿ ಎಂದು ಹೆಸರು ಬರೆದು, ಹಿಂದೆ ಅಳುವ ಸಂಗೀತ ಹಾಕಿ, ಕೊನೆಗೆ ಬೆಳ್ಳಿ ಬಣ್ಣದ ದೆವ್ವ ಗೋರಿಯಿಂದೆದ್ದು ಕುಣಿಯುವ ಹಾಗೆ ಮಾಡಿದ್ದರು. ಐವತ್ತು ವರ್ಷ ಹೆಸರಿಲ್ಲದವಳಿಗೆ ಹೆಸರು ಸಿಕ್ಕಿತು. ಜನ ಬ್ಯಾಟರಿ ಎನ್ನುವುದನ್ನು ಬಿಟ್ಟು ಮಾಬುಬಿ ಎಂದು ಕರೆದು ಬೀಳತೊಡಗಿದರು. ಇಂಥ ಮಂದಿಗೆ ಏನೆನ್ನಬೇಕು? ಎದುರು ಬಂದು ನಿಂತರೆ ಒಬ್ಬರೂ ಕೆಟ್ಟವರಲ್ಲ. ಓಣಿಯಲ್ಲಿ ಹೆಣ ಹೋದರೆ ಗಾಡಿ ನಿಲ್ಲಿಸಿ ಕೈ ಮುಗಿಯುವವರೇ.

ಆಫ್ರೀನ ಆ ಮುಗಿದ ಕೈಗಳಿಗಾಗಿ ಉತ್ತರಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು, ತಾನು ಬರೆದದ್ದನ್ನು ಅಳಿಸಿದಳು. ಅಳಿಸಿದ್ದಕ್ಕೂ ನಕ್ಕರು. ಆ ಉತ್ತರಗಳನ್ನು ಓದಿ ಓದಿ ಅವಳ ನಿದ್ದೆ ಹಾರಿತ್ತು. ಅಜ್ಜಿಯ ಮುಂದೆ ಹೇಗೆ ನಿಲ್ಲುವುದೆಂಬುದೇ ಅವಳಿಗೆ ತಿಳಿಯಲಿಲ್ಲ. ನೆಟ್‌ವರ್ಕ್ ಇಲ್ಲವೆಂದಳು, ಮೊಬೈಲು ಕೆಟ್ಟಿದೆ ಎಂದಳು. ರಿಪೇರಿ ಅಂಗಡಿಯವನ ಮನೆಯಲ್ಲಿ ಮೊಬೈಲು ಎಷ್ಟು ದಿನ ಕೆಟ್ಟಿರಲು ಸಾಧ್ಯ?

ಮುಂದಿನ ಶುಕ್ರವಾರ ಮಧ್ಯಾಹ್ನ ದಸ್ತಗೀರಬಿ ತಾನೇ ಅವಳ ಮಗ್ಗುಲಿಗೆ ಬಂದು ಕೂತಳು. ತಲೆಯ ಮೇಲೆ ಸೆರಗು ಸರಿಮಾಡಿಕೊಂಡು, ಎರಡೂ ಅಂಗೈಗಳನ್ನು ತೊಡೆಯ ಮೇಲೆ ಬಿಚ್ಚಿ ಇಟ್ಟುಕೊಂಡಳು.

“ಏನ ಬರದಾರ, ಓದು,” ಎಂದಳು.

ಆಫ್ರೀನ ತೆರೆಯನ್ನು ನೋಡಿದಳು. ಮುಗಿದ ಕೈಗಳ ಚಿತ್ರವನ್ನು ಹುಡುಕಿ ತೋರಿಸಿದಳು, ಇವನು ಕುಳಗೇರಿ ಕ್ರಾಸಿನವನು ಎಂದಳು. ಅದೊಂದು ನಿಜವಿತ್ತು. ಆಮೇಲೆ ನಿಜ ಮುಗಿದಿತ್ತು. ಹುಡುಗಿ ಮುಂದಿನದನ್ನು ಓದುವವಳಂತೆ ಬಾಯಿ ತೆರೆದಳು.

“ಅಮೀನಗಡದಾಕಿ ಒಬ್ಬಾಕಿ ಬರದಾಳ. ಅಲ್ಲಾ ಮಾಬುಬಿಯವರ ಗೋರಿ ತಂಪಾಗಿ ಇಡಲಿ ಅಂತ.”

“ಆಮೀನ್,” ಎಂದಳು ದಸ್ತಗೀರಬಿ.

“ಹುನಗುಂದದಾಗ ಮುದಕಪ್ಪ ಅಂತ ಒಬ್ಬಾತ. ಬೀರಪ್ಪ ಆ ಮಗಳನ್ನ ತನ್ನ ನೆರಳಾಗ ಇಟಗೊಳ್ಳಲಿ ಅಂತ ಬರದಾನ.”

“ಆಮೀನ್.” ಬೀರಪ್ಪನಿಗೂ ಮುದುಕಿ ಅಷ್ಟೇ ನಿಷ್ಠೆಯಿಂದ ಹೇಳಿದಳು.

ಆಫ್ರೀನಳ ಹೆಬ್ಬೆರಳು ತೆರೆಯ ಮೇಲೆ ಅಡ್ಡ ಬಿದ್ದಿತ್ತು. ದಸ್ತಗೀರಬಿ ಮೆಲ್ಲಗೆ ಅದನ್ನು ಸರಿಸಿದಳು. ಆಕೆಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ತೆರೆಯ ತುಂಬ ಮೇಲಿಂದ ಕೆಳಗಿನವರೆಗೆ ಇದ್ದದ್ದು ಅಕ್ಷರಕ್ಕಿಂತ ಹೆಚ್ಚಾಗಿ ಹಳದಿ ಮುಖಗಳು. ಕಿವಿಯವರೆಗೆ ಬಾಯಿ ತೆರೆದ, ನಗುವಿನಿಂದ ಕಣ್ಣಲ್ಲಿ ನೀರು ಚಿಮ್ಮುವ ಮುಖಗಳು.

“ಇವು ನಗೂ ಮಾರಿ ಅಲ್ಲೇನು?”

“ಅಲ್ಲ ದಾದಿ,” ಎಂದಳು ಆಫ್ರೀನ. “ಅಳೂ ಮಾರಿ. ಕಣ್ಣಾಗ ನೀರ ಅದಾವ ನೋಡು.”

ದಸ್ತಗೀರಬಿ ಆ ಮುಖಗಳನ್ನು ನೋಡಿದಳು. ಅಂಥವನ್ನು ಜುಬೇರ ದಿನವೂ ಗೆಳೆಯರಿಗೆ ಕಳಿಸುವಾಗ ಆಕೆ ಪಕ್ಕದಲ್ಲೇ ಕೂತಿರುತ್ತಿದ್ದಳು. ಆಮೇಲೆ ಮೊಮ್ಮಗಳ ಮುಖವನ್ನು ನೋಡಿದಳು. ಅಲ್ಲೂ ನೀರಿತ್ತು.

“ಹೌದು, ಅಳಾಕತ್ಯಾವ,” ಎಂದಳು. “ಮುಂದ ಓದು.”

ಆಫ್ರೀನ ಓದಿದಳು. ಕಲಾದಗಿಯವಳೊಬ್ಬಳು, ಬಾಗಲಕೋಟೆಯ ಮಾಸ್ತರನೊಬ್ಬ, ಬಾದಾಮಿಯಲ್ಲೇ ಇರುವ ಮಾಯವ್ವನೆಂಬ ಮುದುಕಿ, ಗೊತ್ತಿದ್ದ ಊರುಗಳೆಲ್ಲ ಮುಗಿದ ಮೇಲೆ ಗೊತ್ತಿಲ್ಲದ ಊರುಗಳವರು. ಒಬ್ಬೊಬ್ಬರ ಬಾಯಲ್ಲೂ ಒಂದೊಂದು ದುವಾ ಇಟ್ಟಳು. ನೀರಿನ ದುವಾ, ನೆರಳಿನ ದುವಾ, ತಂಪಿನ ದುವಾ. ಒಂದೊಂದಕ್ಕೂ ದಸ್ತಗೀರಬಿ ಕಣ್ಣು ಮುಚ್ಚಿ ಆಮೀನ್ ಎನ್ನುತ್ತ ಹೋದಳು. ಇಬ್ಬರೂ ಅವಸರ ಮಾಡಲಿಲ್ಲ.